ಪೊಟ್ಟಣದ ಕಾನೂನು ಬರೆಯುವ ಕೋಣೆಯಲ್ಲಿ ಯಾರಿರಬೇಕು?

2016ರ ಮಾರ್ಚ್ ತಿಂಗಳಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಅಧಿಸೂಚನೆಗಳು ಹೊರಬಿದ್ದವು. 11ನೇ ತಾರೀಖು ಕರ್ನಾಟಕ ಸರ್ಕಾರ ಇಡೀ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರ್‌ಗಳನ್ನು ನಿಷೇಧಿಸಿತು. 18ನೇ ತಾರೀಖು ಕೇಂದ್ರ ಸರ್ಕಾರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಪ್ರಕಟಿಸಿತು. ಸೊಪ್ಪು ಮಾರುವ ಅಮ್ಮ ಕೊಡುತ್ತಿದ್ದ ತೆಳು ಚೀಲ ಮೊದಲನೆಯ ಆದೇಶದ ಹಿಡಿತಕ್ಕೆ ಸಿಕ್ಕಿತು. ಬಿಸ್ಕತ್ತು, ಚಿಪ್ಸ್, ಶಾಂಪೂ ಪೊಟ್ಟಣಗಳು ಸಿಗಲಿಲ್ಲ. ತಯಾರಾಗುವ ಜಾಗದಲ್ಲೇ ಸೀಲ್ ಆಗಿ ಬರುವ ಪ್ಯಾಕಿಂಗ್‌ಗೆ ಆ ಆದೇಶದಲ್ಲೇ ವಿನಾಯಿತಿ ಇತ್ತು. ಅಂಥ ಪೊಟ್ಟಣಗಳಿಗೆ ಕೈಹಾಕಿದ್ದು ಕೇಂದ್ರದ ನಿಯಮ. ಮರುಬಳಕೆ ಮಾಡಲಾಗದ ಬಹುಪದರ ಪ್ಲಾಸ್ಟಿಕ್‌ನ ತಯಾರಿಕೆಯನ್ನೂ ಬಳಕೆಯನ್ನೂ ಎರಡು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕು ಎಂದು ಅದು ಹೇಳಿತು.

ಎರಡು ವರ್ಷ ತುಂಬಿದ ಹೊತ್ತಿಗೆ, 2018ರ ಮಾರ್ಚ್ 27ರಂದು, ಅದೇ ನಿಯಮಕ್ಕೆ ತಿದ್ದುಪಡಿ ಬಂತು. ಮರುಬಳಕೆ ಮಾಡಲಾಗದ್ದು ಎಂಬುದರ ಜೊತೆಗೆ, ಉರಿಸಿ ಶಕ್ತಿ ಪಡೆಯಲಾಗದ್ದು, ಬೇರೆ ಯಾವ ಉಪಯೋಗಕ್ಕೂ ಬಾರದ್ದು ಎಂಬ ಷರತ್ತುಗಳು ಸೇರಿಕೊಂಡವು. ಪ್ಲಾಸ್ಟಿಕ್ ಹುಟ್ಟುವುದೇ ಕಚ್ಚಾ ತೈಲದಿಂದ. ಹೆಚ್ಚುಕಡಿಮೆ ಎಲ್ಲ ಪೊಟ್ಟಣವೂ ಉರಿಯುತ್ತದೆ, ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಲ್ಲಿದ್ದಲಿನ ಜೊತೆ ಹೋಗುತ್ತದೆ. ಹಾಗಾಗಿ ಅಂಗಡಿಯಿಂದ ಮರೆಯಾಗಬೇಕಿದ್ದ ವಸ್ತು ಮರೆಯಾಗಬೇಕಾದ ಅಗತ್ಯವೇ ಉಳಿಯಲಿಲ್ಲ. ಇಂದಿಗೂ ಹಳ್ಳಿಯ ಕಿರಾಣಿ ಅಂಗಡಿಯ ಬಾಗಿಲಲ್ಲಿ ಶಾಂಪೂ ಸ್ಯಾಶೆಗಳು ಉದ್ದುದ್ದ ತೂಗುತ್ತಿವೆ.

ಈ ತಿದ್ದುಪಡಿಯ ಹಿಂದೆ ಮೋಸವಿತ್ತು ಎಂದು ನಾನು ಹೇಳುತ್ತಿಲ್ಲ. ಕಂಪನಿಗಳ ಬಳಿ ನಿಜವಾದ ಕಾರಣಗಳಿದ್ದವು. ನನ್ನನ್ನು ಕಾಡುವುದು ಬೇರೆ. ಆ ಎರಡು ವರ್ಷಗಳಲ್ಲಿ ಯಾರು ಯಾರನ್ನು ಭೇಟಿಯಾದರು, ಯಾವ ಅಂಕಿಅಂಶ ಮುಂದಿಟ್ಟರು, ಯಾವ ವಾದವನ್ನು ಯಾಕೆ ಒಪ್ಪಲಾಯಿತು, ಯಾವುದನ್ನು ಯಾಕೆ ಬಿಡಲಾಯಿತು ಎಂಬುದನ್ನು ಒಂದೇ ಕಡೆ ಓದಿ ತಿಳಿಯುವ ದಾರಿ ಸಾಮಾನ್ಯ ನಾಗರಿಕನಿಗೆ ಇಲ್ಲ. ಮಾತುಕತೆ ನಡೆದಿರುತ್ತದೆ, ಅದರ ಫಲ ಮಾತ್ರ ರಾಜ್ಯಪತ್ರದಲ್ಲಿ ಕಾಣುತ್ತದೆ.

ಕಂಪನಿಗಳ ಕಾರಣವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಮಳೆಗಾಲದ ಮಲೆನಾಡಿನಲ್ಲಿ ಬಿಸ್ಕತ್ತು ಡಬ್ಬಿಯಿಂದ ಹೊರಗಿಟ್ಟರೆ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ತೇವ, ಗಾಳಿ, ಬೆಳಕು ಮೂರನ್ನೂ ತಡೆದು ಪದಾರ್ಥವನ್ನು ತಿಂಗಳುಗಟ್ಟಲೆ ಕಾಪಾಡಲು ಒಂದೇ ಬಗೆಯ ಪ್ಲಾಸ್ಟಿಕ್ ಹಲವು ಸಲ ಸಾಲದು. ಒಂದು ಪದರ ಮುದ್ರಣವನ್ನು ಹಿಡಿಯುತ್ತದೆ, ಒಂದು ಗಾಳಿಯನ್ನು ತಡೆಯುತ್ತದೆ, ಇನ್ನೊಂದು ಬಿಸಿಗೆ ಕರಗಿ ಅಂಚನ್ನು ಮುಚ್ಚುತ್ತದೆ. ಎಲ್ಲ ಸೇರಿಯೂ ಕೂದಲೆಳೆಯಷ್ಟು ದಪ್ಪವಿರುವುದಿಲ್ಲ. ಆಹಾರ ಕೆಡದಂತೆ ಉಳಿಯುವುದೂ ಪರಿಸರದ ಲೆಕ್ಕದಲ್ಲಿ ಲಾಭವೇ. ಆದರೆ ಅಂಟಿಕೊಂಡ ಈ ಪದರಗಳನ್ನು ಬಿಡಿಸುವುದು ದುಬಾರಿ ಕೆಲಸ. ಬಿಡಿಸಲು ಆಗದ ವಸ್ತುವಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದನ್ನು ಯಾರೂ ಆಯುವುದಿಲ್ಲ.

ಬೆಂಗಳೂರಿನ ಯಾವುದೇ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಅರ್ಧ ಗಂಟೆ ನಿಂತರೆ ಇದು ಕಣ್ಣಿಗೆ ಬೀಳುತ್ತದೆ. ವಾರ್ಡಿನ ಆಟೋ ತಂದು ಸುರಿದ ರಾಶಿಯ ಸುತ್ತ ಹೆಂಗಸರು ಕೂತಿರುತ್ತಾರೆ. ನೀರಿನ ಬಾಟಲಿ ಒಂದು ಚೀಲಕ್ಕೆ, ಎಣ್ಣೆ ಕ್ಯಾನು ಇನ್ನೊಂದಕ್ಕೆ, ಹಾಲಿನ ಕವರ್ ಮತ್ತೊಂದಕ್ಕೆ. ಕವರನ್ನು ಬೆರಳಲ್ಲಿ ಹಿಸುಕಿ ನೋಡುತ್ತಾರೆ: ಮೆತ್ತಗಿದ್ದರೆ ಎಲ್‌ಡಿ, ಚರಪರ ಸದ್ದು ಮಾಡಿದರೆ ಪಿಪಿ. ಯಂತ್ರವಿಲ್ಲದೆ, ಪ್ರಯೋಗಾಲಯವಿಲ್ಲದೆ ಆ ಬೆರಳುಗಳು ಪಾಲಿಮರ್‌ಗಳನ್ನು ಬೇರ್ಪಡಿಸುತ್ತವೆ. ಹಾಲಿನ ಕವರ್‌ಗೆ ಕೊಳ್ಳುವವರಿದ್ದಾರೆ. ಒಳಗೆ ಬೆಳ್ಳಿ ಬಣ್ಣ ಹೊಳೆಯುವ ಚಿಪ್ಸ್ ಪೊಟ್ಟಣ, ಸಾಸ್ ಸ್ಯಾಶೆ, ಟೂತ್‌ಪೇಸ್ಟ್ ಟ್ಯೂಬು ಬಂದರೆ ಪಕ್ಕಕ್ಕೆ ಎಸೆಯುತ್ತಾರೆ. ಸಂಜೆಯಾಗುವಷ್ಟರಲ್ಲಿ ಎಲ್ಲಕ್ಕಿಂತ ಎತ್ತರದ ಗುಡ್ಡೆ ಅದೇ ಆಗಿರುತ್ತದೆ. ಅದನ್ನು ಒತ್ತಿ, ಬೇಲ್ ಕಟ್ಟಿ, ಲಾರಿಗೇರಿಸಿ ದೂರದ ಸಿಮೆಂಟ್ ಕಾರ್ಖಾನೆಗೆ ಕಳಿಸಬೇಕು. ಅಲ್ಲಿಂದ ಹಣ ಬರುವುದಿರಲಿ, ಲಾರಿ ಬಾಡಿಗೆಗೇ ಕೈಯಿಂದ ಹಾಕಬೇಕಾಗುತ್ತದೆ.

ಈ ಖರ್ಚು ಯಾರದ್ದು ಎಂಬುದೇ ಇಡೀ ಪ್ಯಾಕಿಂಗ್ ನೀತಿಯ ತಿರುಳು. ಪೊಟ್ಟಣವನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ಕೊನೆಯ ಹೊಣೆಯನ್ನೂ ಹೊರಬೇಕು ಎಂಬ ತತ್ವಕ್ಕೆ ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ ಎಂದು ಹೆಸರು. ಕಚೇರಿಗಳಲ್ಲಿ ಎಲ್ಲರೂ ಇಪಿಆರ್ ಎನ್ನುತ್ತಾರೆ. 2016ರ ನಿಯಮದಲ್ಲೇ ಅದು ಇತ್ತು. ಆದರೆ ಎಷ್ಟು, ಯಾವಾಗ, ಹೇಗೆ ಎಂಬುದು ಸ್ಪಷ್ಟವಾದದ್ದು 2022ರ ಫೆಬ್ರುವರಿ 16ರ ಅಧಿಸೂಚನೆಯಲ್ಲಿ. ಗಟ್ಟಿ ಪ್ಲಾಸ್ಟಿಕ್, ಬಳುಕುವ ಪ್ಲಾಸ್ಟಿಕ್, ಪ್ಲಾಸ್ಟಿಕ್ ಜೊತೆ ಬೇರೆ ವಸ್ತುವಿನ ಪದರವೂ ಇರುವ ಪೊಟ್ಟಣ, ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ನಾಲ್ಕು ವರ್ಗ ಮಾಡಲಾಯಿತು. 2023-24ರಿಂದ ತಾವು ಮಾರುಕಟ್ಟೆಗೆ ಬಿಟ್ಟಷ್ಟೂ ಪ್ಲಾಸ್ಟಿಕ್‌ಗೆ ಕಂಪನಿಗಳು ಹೊಣೆ. 2024-25ಕ್ಕೆ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಶೇ 50, ಬಳುಕುವ ಪ್ಲಾಸ್ಟಿಕ್‌ನಲ್ಲಿ ಶೇ 30 ಮರುಬಳಕೆಯಾಗಲೇಬೇಕು. 2027-28ಕ್ಕೆ ಅದು ಕ್ರಮವಾಗಿ ಶೇ 80 ಮತ್ತು ಶೇ 60ಕ್ಕೆ ಏರಬೇಕು. ಕಂಪನಿ ತಾನೇ ಸಂಗ್ರಹಿಸಬೇಕಾಗಿಲ್ಲ. ನೋಂದಾಯಿತ ಮರುಬಳಕೆದಾರ ಟನ್ ಲೆಕ್ಕದಲ್ಲಿ ಕೊಡುವ ಪ್ರಮಾಣಪತ್ರವನ್ನು ಕೊಂಡರೆ ಸಾಕು.

ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ ಶಾಂಪೂ ಸ್ಯಾಶೆಯೂ ದಪ್ಪ ಪ್ಲಾಸ್ಟಿಕ್ ಹಾಳೆಯೂ ಒಂದೇ ವರ್ಗದಲ್ಲಿ, ಬಳುಕುವ ಪ್ಲಾಸ್ಟಿಕ್‌ನಲ್ಲಿ ಬರುತ್ತವೆ. ಪ್ರಮಾಣಪತ್ರಕ್ಕೆ ಊರಿನ ಹಂಗಿಲ್ಲ. ರಾಯಚೂರಿನ ಹಳ್ಳಿಗಳಲ್ಲಿ ಸ್ಯಾಶೆ ಮಾರಿದ ಕಂಪನಿ, ಇನ್ನೆಲ್ಲೋ ಒಂದು ಕೈಗಾರಿಕಾ ಪ್ರದೇಶದಲ್ಲಿ ಸಲೀಸಾಗಿ ಸಿಗುವ ಶುಭ್ರ ಹಾಳೆಗಳ ಮರುಬಳಕೆಯ ಪತ್ರ ಕೊಂಡು ತನ್ನ ಹೊಣೆ ತೀರಿತು ಎನ್ನಬಹುದು. ನಿಯಮ ಮುರಿದಂತಾಗುವುದಿಲ್ಲ, ಲೆಕ್ಕವೂ ಸರಿಹೋಗುತ್ತದೆ. ಸ್ಯಾಶೆ ಮಾತ್ರ ಆ ಹಳ್ಳಿಯ ಚರಂಡಿಯಲ್ಲೇ ಉಳಿದಿರುತ್ತದೆ. ಒಂದು ಗ್ರಾಮ್‌ಗೂ ಕಡಿಮೆ ತೂಗುವ ವಸ್ತು ಟನ್ನಿನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಚರಂಡಿ ಬಳಿಯುವವರಿಗೆ ಅದು ತೂಕವಾಗಿ ಎದುರಾಗುವುದಿಲ್ಲ, ಸಂಖ್ಯೆಯಾಗಿ ಎದುರಾಗುತ್ತದೆ. ನಿಯಮ ರೂಪಿಸುವ ಮೇಜಿನ ಬಳಿ ಒಬ್ಬ ಪಂಚಾಯಿತಿ ಅಧ್ಯಕ್ಷೆಯೋ ಒಬ್ಬ ಕಸ ಆಯುವ ಹೆಂಗಸೋ ಕೂತು ಮಾತನಾಡಿದ್ದರೆ ಈ ತೂತು ಮೊದಲ ದಿನವೇ ಕಾಣುತ್ತಿತ್ತು ಎಂದು ನಾನು ನಂಬುತ್ತೇನೆ.

ಪ್ರಮಾಣಪತ್ರಗಳ ಕಥೆಯೂ ಅಷ್ಟೇ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ತಪಾಸಣೆ ನಡೆಸಿದಾಗ ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಹುಟ್ಟಿದ್ದು ಪತ್ತೆಯಾಯಿತು. ಯಂತ್ರದ ಸಾಮರ್ಥ್ಯ ಮೀರಿ, ಮಾಡದ ಕೆಲಸಕ್ಕೆ ಪತ್ರ ಕೊಟ್ಟರೆ, ಪ್ರಾಮಾಣಿಕವಾಗಿ ದುಡಿದ ಮರುಬಳಕೆದಾರನ ಪತ್ರದ ಬೆಲೆ ಕುಸಿಯುತ್ತದೆ. ಆ ಕುಸಿತ ಕೊನೆಗೆ ಬಂದು ತಟ್ಟುವುದು ಕಸದ ರಾಶಿಯ ಮುಂದೆ ಕೂತ ಹೆಂಗಸಿನ ಕೂಲಿಗೆ.

ಅಂಕಿಗಳ ಬಗ್ಗೆ ಇನ್ನೊಂದು ಮಾತು. ಕೇಂದ್ರ ಮಂಡಳಿಯ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 41 ಲಕ್ಷ ಟನ್. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು ಬೇರೆ: ಭಾರತದಲ್ಲಿ ಸಂಗ್ರಹವಾಗದೆ ಪರಿಸರಕ್ಕೆ ಸೇರುವ, ಬಯಲಲ್ಲಿ ಸುಡುವ ಪ್ಲಾಸ್ಟಿಕ್ಕೇ ವರ್ಷಕ್ಕೆ 93 ಲಕ್ಷ ಟನ್. ಹುಟ್ಟಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು ಎಂದರೆ ಎರಡರಲ್ಲಿ ಒಂದು ಲೆಕ್ಕವಾದರೂ ತಪ್ಪಿರಲೇಬೇಕು. ಒಂದು ಸ್ಥಳೀಯ ಸಂಸ್ಥೆಗಳು ಕಳಿಸಿದ ವರದಿಗಳ ಮೊತ್ತ, ಇನ್ನೊಂದು ಮಾದರಿ ಲೆಕ್ಕಾಚಾರ. ಎರಡು ಕಡೆಯವರು ತಮಗೆ ಬೇಕಾದ ಅಂಕಿಯನ್ನು ಹಿಡಿದುಕೊಂಡು ಕೂತರೆ ಅದು ಸಂವಾದವಾಗುವುದಿಲ್ಲ. ಮಾತು ಶುರುವಾಗುವ ಮೊದಲು ಯಾವ ಲೆಕ್ಕವನ್ನು ಇಬ್ಬರೂ ಒಪ್ಪುತ್ತಾರೆ, ಅದನ್ನು ಯಾರು ಪರೀಕ್ಷಿಸುತ್ತಾರೆ ಎಂಬುದು ತೀರ್ಮಾನವಾಗಬೇಕು. ತಟಸ್ಥತೆ ಅಲ್ಲಿಂದ ಶುರುವಾಗುತ್ತದೆ.

ಉದ್ಯಮದ ಮಾತು ಸರಿಯಾಗಿದ್ದ ಸಂದರ್ಭವೂ ಇದೆ. 2022ರ ನಿಯಮ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ 2025-26ರಿಂದ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಲೇಬೇಕು ಎಂದಿತು. ಅತ್ತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ, ಆಹಾರಕ್ಕೆ ತಾಗುವ ಪ್ಯಾಕಿಂಗ್‌ನಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕನ್ನು ಬಳಸಲೇಬಾರದು ಎಂದಿತ್ತು. ಒಂದು ಕಚೇರಿ ಹಾಕು ಎನ್ನುತ್ತದೆ, ಇನ್ನೊಂದು ಹಾಕಬೇಡ ಎನ್ನುತ್ತದೆ. 2022ರಲ್ಲಿ ಪ್ರಾಧಿಕಾರ ಷರತ್ತುಗಳೊಡನೆ ಬಾಗಿಲು ತೆರೆದು ಪೆಟ್ ಪ್ಲಾಸ್ಟಿಕ್‌ಗೆ ಮಾರ್ಗಸೂಚಿ ಕೊಟ್ಟ ಮೇಲೆಯೇ ನೀರು, ತಂಪುಪಾನೀಯದ ಬಾಟಲಿಗಳಿಗೆ ದಾರಿಯಾಯಿತು. ಇಂಥ ಗಂಟನ್ನು ಬಿಡಿಸಲು ತಯಾರಕರ ಜೊತೆ ಕೂತು ಮಾತನಾಡದೆ ಬೇರೆ ವಿಧಾನವಿಲ್ಲ. ಅದೇ ವರ್ಷ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದಾಗ, ಸಣ್ಣ ಜ್ಯೂಸ್ ಪ್ಯಾಕ್ ಮಾರುವ ದೊಡ್ಡ ಕಂಪನಿಗಳು ಕಾಲಾವಕಾಶ ಕೇಳಿದವು, ಅಮುಲ್ ಸಂಸ್ಥೆ ಪ್ರಧಾನಿ ಕಚೇರಿಗೇ ಪತ್ರ ಬರೆಯಿತು. ಸರ್ಕಾರ ಗಡುವು ಬದಲಿಸಲಿಲ್ಲ. ಕಾಗದದ ಸ್ಟ್ರಾ ಬಂತು, ವ್ಯಾಪಾರವೂ ನಡೆಯಿತು. ಯಾವ ವಾದ ನಿಜವಾದ ಅಡ್ಡಿ, ಯಾವುದು ಮುಂದೂಡಲು ಹೂಡಿದ ವಾದ ಎಂದು ತೂಗಿ ನೋಡುವ ಜಾಗ ಬೇಕು ಎನ್ನುವುದು ಇದಕ್ಕೇ.

ಆ ಜಾಗ ನಮ್ಮಲ್ಲಿ ಎಲ್ಲಿದೆ? ಪ್ಲಾಸ್ಟಿಕ್ ನಿಯಮಗಳನ್ನು ಸಂಸತ್ತು ಬರೆಯುವುದಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆ ಕೊಟ್ಟ ಅಧಿಕಾರದಿಂದ ಸಚಿವಾಲಯ ಬರೆಯುತ್ತದೆ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ. ಅಂತಿಮ ನಿಯಮವನ್ನು ಕಾಯ್ದೆಯ 26ನೇ ಕಲಂ ಪ್ರಕಾರ ಎರಡೂ ಸದನಗಳ ಮುಂದೆ 30 ದಿನ ಇಡಬೇಕು. ಸದನಗಳು ಒಪ್ಪಿದರೆ ಬದಲಿಸಬಹುದು, ರದ್ದೂ ಮಾಡಬಹುದು. ಸಂಸದರು ಮನಸ್ಸು ಮಾಡಿದರೆ ಅದು ದೊಡ್ಡ ಅಸ್ತ್ರ. ಆದರೆ ಮೇಜಿನ ಮೇಲೆ ಇಟ್ಟ ನಿಯಮದ ಪ್ರತಿಯನ್ನು ಎತ್ತಿ ಓದಿ ಪ್ರಶ್ನಿಸುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಹೀಗಾಗಿ ಉದ್ಯಮದ ಸಂಘಗಳ ಮಾತುಕತೆ ಹೆಚ್ಚಾಗಿ ಅಧಿಕಾರಿಗಳ ಜೊತೆ ನಡೆಯುತ್ತದೆ. ಜನ ಆರಿಸಿ ಕಳಿಸಿದವರು ಬೀದಿಯಲ್ಲಿ ಕಸ ರಾಶಿ ಬಿದ್ದಾಗ ಬೈಗುಳ ತಿನ್ನುತ್ತಾರೆ; ಆ ಕಸದ ನಿಯಮ ರೂಪುಗೊಳ್ಳುವಾಗ ಅವರು ಅಲ್ಲಿರುವುದಿಲ್ಲ. ಇದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಶಾಸಕರೇ ಈ ಕೆಲಸಕ್ಕೆ ಇಳಿದರು. 2018ರಲ್ಲಿ ಚೀನಾ ಬೇರೆ ದೇಶಗಳ ಕೊಳಕು ಪ್ಲಾಸ್ಟಿಕ್ ಮತ್ತು ರದ್ದಿಯನ್ನು ಕೊಳ್ಳುವುದನ್ನು ನಿಲ್ಲಿಸಿದಾಗ ಅವರ ಮರುಬಳಕೆ ವ್ಯವಸ್ಥೆ ಕುಸಿಯಿತು. ಓರೆಗಾನ್ ರಾಜ್ಯದ ಪರಿಸರ ಇಲಾಖೆ ಊರಾಡಳಿತಗಳು, ಕಸ ಸಾಗಿಸುವವರು, ವಿಂಗಡಣಾ ಘಟಕಗಳು, ಪ್ಯಾಕಿಂಗ್ ಕಂಪನಿಗಳು, ಪರಿಸರ ಸಂಘಟನೆಗಳನ್ನು ಒಂದು ಸಮಿತಿಯಲ್ಲಿ ಕೂರಿಸಿತು. ವರ್ಷಗಟ್ಟಲೆ ಚರ್ಚೆಯಾದ ಮೇಲೆ 2021ರಲ್ಲಿ ಕಾಯ್ದೆ ಬಂತು, 2025ರ ಜುಲೈ 1ರಿಂದ ಜಾರಿಯಾಯಿತು. ಕ್ಯಾಲಿಫೋರ್ನಿಯಾದಲ್ಲಿ ದಾರಿ ಇನ್ನೂ ಬಿರುಸಾಗಿತ್ತು. ಅಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗ್‌ಗೆ ಶುಲ್ಕ ಹಾಕುವ ಪ್ರಸ್ತಾಪವೊಂದು ನೇರವಾಗಿ ಜನಮತಕ್ಕೆ ಹೋಗಲು ಅರ್ಹತೆ ಪಡೆದಿತ್ತು. ಅದನ್ನು ಹಿಂದಕ್ಕೆ ಪಡೆಯಲು 2022ರ ಜೂನ್ 30 ಕೊನೆಯ ದಿನ. ಜನಮತದಲ್ಲಿ ಸೋಲುವ ಭಯ ಕಂಪನಿಗಳಿಗಿತ್ತು, ಪ್ರಚಾರದ ಖರ್ಚಿನ ಭಯ ಪ್ರಸ್ತಾಪದ ಬೆಂಬಲಿಗರಿಗಿತ್ತು. ಸೆನೆಟರ್ ಬೆನ್ ಅಲೆನ್ ಇಬ್ಬರನ್ನೂ ಮಸೂದೆಯ ಸುತ್ತ ಕೂರಿಸಿದರು. ಅದೇ ಜೂನ್ 30ರಂದು ಗವರ್ನರ್ ಸಹಿ ಬಿತ್ತು, ಜನಮತದ ಪ್ರಸ್ತಾಪ ಹಿಂದಕ್ಕೆ ಹೋಯಿತು. 2032ರೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಪ್ಯಾಕಿಂಗ್ ಶೇ 25ರಷ್ಟು ಇಳಿಯಬೇಕು, ಉಳಿದದ್ದರಲ್ಲಿ ಶೇ 65 ಮರುಬಳಕೆಯಾಗಬೇಕು, ಕಂಪನಿಗಳು 2027ರಿಂದ ಹತ್ತು ವರ್ಷ ವರ್ಷಕ್ಕೆ 50 ಕೋಟಿ ಡಾಲರ್ ಕೊಡಬೇಕು ಎಂಬುದಕ್ಕೆ ಉದ್ಯಮ ಒಪ್ಪಿತು.

ಅಲ್ಲಿಗೆ ಎಲ್ಲ ಸುಗಮವಾಯಿತು ಎಂದಲ್ಲ. 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಖರ್ಚಿನ ಕಾರಣ ಕೊಟ್ಟು, ಆ ಕಾಯ್ದೆಯ ನಿಯಮಾವಳಿಯನ್ನು ಮತ್ತೆ ಮೊದಲಿನಿಂದ ಬರೆಯಲು ಹೇಳಿದರು. ಓರೆಗಾನ್ ಕಾಯ್ದೆಯ ವಿರುದ್ಧ ಸಗಟು ವಿತರಕರ ಸಂಘ 2025ರ ಜುಲೈನಲ್ಲೇ ನ್ಯಾಯಾಲಯಕ್ಕೆ ಹೋಯಿತು. ಸಂವಾದದಿಂದ ಜಗಳ ನಿಲ್ಲುವುದಿಲ್ಲ. ಆದರೆ ಜಗಳ ಯಾವ ವಿಷಯದ ಮೇಲೆ ಎಂಬುದು ಅಲ್ಲಿನ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಯಾರು ಏನು ಒಪ್ಪಿದ್ದರು, ಯಾರು ಮಾತಿಗೆ ತಪ್ಪಿದರು ಎಂದು ಬೆರಳಿಟ್ಟು ತೋರಿಸಬಹುದು. ನಾವು 2018ರ ನಮ್ಮ ತಿದ್ದುಪಡಿಯ ಬಗ್ಗೆ ಹಾಗೆ ತೋರಿಸಲಾರೆವು.

ನಮ್ಮಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸುವ ಕೆಲಸವನ್ನು ಎಷ್ಟೋ ಸಲ ನ್ಯಾಯಾಲಯಗಳು ಮಾಡಿವೆ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿ ಬೆಂಗಳೂರಿನ ಬೀದಿಗಳು ನಾರುತ್ತಿದ್ದಾಗ ಹೈಕೋರ್ಟ್ ಪಾಲಿಕೆಯನ್ನೂ ನಾಗರಿಕರನ್ನೂ ಎದುರಿಗೆ ನಿಲ್ಲಿಸಿ, ಮನೆಯಲ್ಲೇ ಕಸ ಬೇರ್ಪಡಿಸುವ, ವಾರ್ಡಿಗೊಂದು ಒಣ ತ್ಯಾಜ್ಯ ಕೇಂದ್ರ ತೆರೆಯುವ ದಾರಿಗೆ ತಂದಿತು. ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ, ಆನೆಗಳ ಕಾಲಿಗೆ ಮದ್ಯದ ಬಾಟಲಿ ಚೂರು ಚುಚ್ಚುತ್ತಿದೆ ಎಂಬ ದೂರು ಬಂದಾಗ ಮದ್ರಾಸ್ ಹೈಕೋರ್ಟ್ ಸರ್ಕಾರಿ ಮದ್ಯದಂಗಡಿಗಳಿಗೆ ಹೊಸ ಪದ್ಧತಿ ಹಾಕಿಕೊಟ್ಟಿತು. 2022ರ ಮೇ ತಿಂಗಳಿನಿಂದ ಅಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಕೊಡಬೇಕು. ಖಾಲಿ ಬಾಟಲಿ ಮರಳಿಸಿದರೆ ಹಣ ವಾಪಸ್. ಬಾಟಲಿಗಳಲ್ಲಿ ಬಹುಪಾಲು ಹಿಂದಿರುಗಿ ಬಂದವು. ಹೊಸ ತಂತ್ರಜ್ಞಾನ ಯಾವುದೂ ಬೇಕಾಗಲಿಲ್ಲ. ಆದರೆ ಪ್ರತಿಯೊಂದಕ್ಕೂ ಕೋರ್ಟಿಗೆ ಹೋಗುವುದು ಶಾಸನಸಭೆಯ ಕೆಲಸವನ್ನು ಬೇರೆಯವರ ಹೆಗಲಿಗೆ ಹಾಕಿದಂತೆ.

ಕರ್ನಾಟಕದ ವಿಧಾನಮಂಡಲ ಈ ಕೆಲಸವನ್ನು ಎತ್ತಿಕೊಳ್ಳಬಹುದು. ಇಪಿಆರ್ ಕೇಂದ್ರದ ನಿಯಮ ನಿಜ. ಆದರೆ ಒಂದೆರಡು ರಾಜ್ಯಗಳಲ್ಲಷ್ಟೇ ವ್ಯಾಪಾರ ಮಾಡುವ ಕಂಪನಿಗಳ ನೋಂದಣಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಕಸ ಎತ್ತುವುದು ನಮ್ಮ ಪಾಲಿಕೆ, ಪುರಸಭೆ, ಪಂಚಾಯಿತಿಗಳು. ಹಳ್ಳಿಗಳ ಒಣ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣಗಳನ್ನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಂಗಸರು ನಡೆಸುತ್ತಿದ್ದಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ವಿಂಗಡಿಸುವ ಘಟಕ ಹಲವು ಪಂಚಾಯಿತಿಗಳ ಒಣ ಕಸ ತೆಗೆದುಕೊಳ್ಳುತ್ತಿದೆ. ಯಾವ ಕಂಪನಿಯ ಯಾವ ಪೊಟ್ಟಣ ಎಷ್ಟು ಬರುತ್ತದೆ ಎಂಬ ಲೆಕ್ಕ ಬೇಕಿದ್ದರೆ ಇಂಥ ಘಟಕಗಳಲ್ಲಿ ಎಣಿಸಿದರೆ ಸಾಕು. 2025ರ ಜುಲೈನಿಂದ ಪೊಟ್ಟಣದ ಮಾಹಿತಿಯನ್ನು ಬಾರ್‌ಕೋಡ್, ಕ್ಯೂಆರ್ ಕೋಡ್ ಮೂಲಕ ಕೊಡುವ ನಿಯಮವೂ ಬಂದಿದೆ. ಎಣಿಕೆ ಮೊದಲಿನಷ್ಟು ಕಷ್ಟವಲ್ಲ.

ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರದ ಪ್ಯಾಕಿಂಗ್‌ಗೆಂದೇ ಒಂದು ವಿಭಾಗವಿದೆ. ಮೈಸೂರಿನಲ್ಲೇ ಪ್ಲಾಸ್ಟಿಕ್ ತಂತ್ರಜ್ಞಾನದ ಸಿಪೆಟ್ ಕೇಂದ್ರವಿದೆ. ಬಿಸ್ಕತ್ತಿಗೆ ಮೂರು ಪದರ ಬೇಕೇಬೇಕೇ, ಒಂದೇ ಬಗೆಯ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಎಷ್ಟು ದಿನ ಕೆಡದೆ ಉಳಿಯುತ್ತದೆ, ಆ ಬದಲಾವಣೆಗೆ ಸಣ್ಣ ತಯಾರಕನಿಗೆ ಎಷ್ಟು ಖರ್ಚಾಗುತ್ತದೆ ಎಂದು ಕಂಪನಿಯ ಹಣವಿಲ್ಲದೆ, ಸರ್ಕಾರದ ಅವಸರವಿಲ್ಲದೆ ಪರೀಕ್ಷಿಸಿ ಹೇಳಬಲ್ಲವರು ಅಲ್ಲಿದ್ದಾರೆ. ಸದನ ಸಮಿತಿಯೊಂದು ಈ ಸಂಸ್ಥೆಗಳ ವರದಿ ತರಿಸಿಕೊಂಡು, ದೊಡ್ಡ ಕಂಪನಿಗಳನ್ನೂ ಪೀಣ್ಯದ ಸಣ್ಣ ಪ್ಲಾಸ್ಟಿಕ್ ಘಟಕಗಳನ್ನೂ ಕರೆಯಲಿ. ಗುಜರಿ ವ್ಯಾಪಾರಿಗಳು, ಕಸ ಆಯುವವರ ಸಂಘಗಳು, ಪಂಚಾಯಿತಿಯವರು ಅದೇ ಸಾಲಿನಲ್ಲಿ ಕೂರಲಿ. ಹೇಳಿಕೆಗಳೆಲ್ಲ ಕನ್ನಡದಲ್ಲಿ ಅಚ್ಚಾಗಲಿ. ಒಪ್ಪಿದ ಸಲಹೆಗೂ ಬಿಟ್ಟ ಸಲಹೆಗೂ ಕಾರಣ ಬರೆಯಲಿ.

ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಕಾಗದ, ಗಾಜು, ಲೋಹದ ಪ್ಯಾಕಿಂಗ್‌ಗೂ ಇಪಿಆರ್ ವಿಸ್ತರಿಸುವ ಕರಡು ನಿಯಮವನ್ನು ಪ್ರಕಟಿಸಿದೆ. ಅಂದರೆ ಪ್ಲಾಸ್ಟಿಕ್‌ನಲ್ಲಿ ಆದದ್ದೆಲ್ಲ ಬಾಟಲಿ, ಡಬ್ಬ, ರಟ್ಟಿನ ಪೆಟ್ಟಿಗೆಗಳ ವಿಷಯದಲ್ಲೂ ಎದುರಾಗಲಿದೆ. ಭಾರವಾದ ಗಾಜಿಗೂ ಹಗುರ ಸ್ಯಾಶೆಗೂ ತೂಕದ ಒಂದೇ ಅಳತೆಗೋಲು ಹಿಡಿದರೆ, ತೊಳೆದು ಮತ್ತೆ ತುಂಬಬಹುದಾದ ಬಾಟಲಿಗೇ ಹೆಚ್ಚು ಹೊರೆ ಬಿದ್ದು ತಯಾರಕರು ಪ್ಲಾಸ್ಟಿಕ್‌ನ ಕಡೆಗೇ ವಾಲಬಹುದು. ಬ್ರಿಟನ್ನಿನ ಗಾಜು ತಯಾರಕರು ತಮ್ಮ ದೇಶದ ಹೊಸ ಶುಲ್ಕದ ಬಗ್ಗೆ ಎತ್ತಿರುವ ಆಕ್ಷೇಪವೂ ಇದೇ. ಹಾಗಾಗಿ ನಮ್ಮ ಸದನ ಸಮಿತಿ ಕೂತರೆ ಮೊದಲು ಎತ್ತಿಕೊಳ್ಳಬೇಕಾದ ವಿಷಯ ಅಳತೆಯದ್ದು: ತೂಕದ ಜೊತೆ ಸಂಖ್ಯೆಯನ್ನೂ ಎಣಿಸಬೇಕೇ, ಪೊಟ್ಟಣ ಮಾರಿದ ಜಿಲ್ಲೆಯಲ್ಲೇ ಅದರ ಸಂಗ್ರಹಕ್ಕೆ ಇಂತಿಷ್ಟು ಪಾಲು ಇರಬೇಕೇ ಎಂಬುದು. ಎರಡನೆಯದು, ಪಂಚಾಯಿತಿಯ ಶೆಡ್ಡಿನಿಂದ ಸಿಮೆಂಟ್ ಕುಲುಮೆಯವರೆಗಿನ ಲಾರಿ ಬಾಡಿಗೆಯದ್ದು.